ಬೋರ್ಡಿನ ಕೆಳಗೆ ನಿಂತ ಹುಡುಗ

(ಹಲಸೂರಿನಲ್ಲಿ ನಡೆದ ಕನ್ನಡ ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

ವೇದಿಕೆ ಹತ್ತಿ ಕನ್ನಡದ ಬಗ್ಗೆ ಮಾತಾಡುವುದು ಬಹಳ ಸುಲಭ. ಚಪ್ಪಾಳೆ ಬೀಳುವ ಮಾತುಗಳು ನಮಗೆಲ್ಲ ಬಾಯಿಪಾಠವಾಗಿವೆ. ಇವತ್ತು ಅವನ್ನು ಪಕ್ಕಕ್ಕಿಟ್ಟು, ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಲು ನಿಂತಿದ್ದೇನೆ. ಈ ತಪ್ಪನ್ನು ನಿಮ್ಮಲ್ಲೂ ಅನೇಕರು ಮಾಡಿದ್ದೀರಿ. ಮಾಡಿಲ್ಲದವರು ನಾಳೆ ಮಾಡುತ್ತೀರಿ. ಆದ್ದರಿಂದ ಸ್ವಲ್ಪ ಸಹನೆಯಿಂದ ಕೇಳಿ.

ಒಂದು ಭಾನುವಾರ ಸಂಜೆ. ಇಂದಿರಾನಗರದ ನೂರಡಿ ರಸ್ತೆ. ಮಕ್ಕಳ ಹಟಕ್ಕೆ ಸೋತು ಒಂದು ಫಾಸ್ಟ್ ಫುಡ್ ಅಂಗಡಿಗೆ ಹೋಗಿದ್ದೆ. ಹೆಸರು ಬೇಡ, ಎಲ್ಲ ಅಂಗಡಿಗಳೂ ಒಂದೇ ಅಚ್ಚಿನಲ್ಲಿ ತೆಗೆದಂತೆಯೇ ಇರುತ್ತವೆ. ಕೌಂಟರಿನ ಹಿಂದೆ ಟೋಪಿ ಹಾಕಿಕೊಂಡು ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತು ವರ್ಷ ಇರಬಹುದು. ನಾನು ಕನ್ನಡದಲ್ಲಿ ಕೇಳಿದೆ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಇನ್ನೊಮ್ಮೆ ಕನ್ನಡದಲ್ಲಿ ಕೇಳಿದೆ, ಇನ್ನೊಮ್ಮೆ ಇಂಗ್ಲಿಷಿನಲ್ಲೇ ಉತ್ತರ ಬಂತು. ನನಗೆ ನೆತ್ತಿಗೇರಿತು. ಈ ನೆಲದ ಅನ್ನ ತಿನ್ನುತ್ತೀಯ, ನೀರು ಕುಡಿಯುತ್ತೀಯ, ಕನ್ನಡ ಬಾಯಿಗೆ ಬರುವುದಿಲ್ಲವೇ ಎಂದು ಕೂಗಾಡಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮೊಬೈಲು ಎತ್ತಿ ಹಿಡಿದ.

ಹುಡುಗ ಕೆಳಗೆ ಬಿದ್ದ ಪೇಪರು ಎತ್ತುವವನ ಹಾಗೆ ಬಗ್ಗಿದ. ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಅಣ್ಣಾ, ನಾನೂ ಸಿರಾ ಕಡೆಯೋನೇ. ಮೇಲೆ ಕ್ಯಾಮೆರಾ ಐತೆ. ದಯವಿಟ್ಟು ಕೂಗಬೇಡಿ."

ಆಮೇಲೆ ಎದ್ದು ನಿಂತ. ಮುಖಕ್ಕೆ ನಗು ತಂದುಕೊಂಡ. "ಎನಿಥಿಂಗ್ ಎಲ್ಸ್, ಸರ್?" ಎಂದ.

ಮಿತ್ರರೆ, ಆ ನಗು ನನಗೆ ಇನ್ನೂ ಮರೆತಿಲ್ಲ. ಕನ್ನಡಕ್ಕಾಗಿ ಕೂಗಾಡಿದವನು ನಾನು. ಕನ್ನಡಿಗನ ಮರ್ಯಾದೆ ತೆಗೆದವನೂ ನಾನೇ!

ಟೀ ಅಂಗಡಿಯಲ್ಲಿ ಕೇಳಿದ ಮಾತು

ಮೂರು ದಿನ ಬಿಟ್ಟು ಮತ್ತೆ ಹೋದೆ. ಪಾಳಿ ಮುಗಿಸಿ ಹಿಂಬಾಗಿಲಿನಿಂದ ಬಂದ ಅವನನ್ನು ಪಕ್ಕದ ಅಡ್ಡರಸ್ತೆಯ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಕ್ಷಮೆ ಕೇಳಿದೆ. ಮೊದಲು ಹೆದರಿದ, ಆಮೇಲೆ ಮಾತಾಡಿದ. ಕೇಳುವವರೇ ಇಲ್ಲದವನು ಮಾತಾಡಿದರೆ ಹೇಗಿರುತ್ತದೆಯೋ ಹಾಗೆ ಮಾತಾಡಿದ.

ಕೆ.ಆರ್. ಪುರದ ಒಂದು ಕೋಣೆಯಲ್ಲಿ ಆರು ಜನ ಇದ್ದಾರೆ. ಒಬ್ಬನ ಪಾಳಿ ಮುಗಿಯುವ ಹೊತ್ತಿಗೆ ಇನ್ನೊಬ್ಬನದು ಶುರು. ಒಂದೇ ಹಾಸಿಗೆಯಲ್ಲಿ ಸರದಿ ಪ್ರಕಾರ ಮಲಗುವವರು ವಾರಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಡುಗೆ ಕಡೆ ಅಸ್ಸಾಂ, ಒಡಿಶಾ ಹುಡುಗರು. ಅಲ್ಲಿ ನಡೆಯುವುದು ಮುರುಕು ಹಿಂದಿ. ಕೌಂಟರಿನಲ್ಲಿ ಇಂಗ್ಲಿಷು. ಏನು ಹೇಳಬೇಕು, ಯಾವಾಗ ನಗಬೇಕು, ದೊಡ್ಡ ಸೈಜು ತೆಗೆದುಕೊಳ್ಳಿ ಎಂದು ಯಾವ ಹೊತ್ತಿನಲ್ಲಿ ಕೇಳಬೇಕು ಎಂಬುದನ್ನೆಲ್ಲ ಬರೆದು ಕೊಟ್ಟಿದ್ದಾರಂತೆ. ಅದಕ್ಕಿಂತ ಒಂದು ಮಾತು ಹೆಚ್ಚು ಆಡಿದರೂ ತಪ್ಪು, ಕಡಿಮೆ ಆಡಿದರೂ ತಪ್ಪು.

ಊರಿನಲ್ಲಿ ಅವ್ವನಿಗೆ "ಕಂಪನಿ ಕೆಲಸ" ಎಂದು ಹೇಳಿದ್ದಾನೆ. ಫೋನಿನಲ್ಲಿ ವಿಡಿಯೋ ಹಚ್ಚಿದಾಗ ಅವ್ವ, "ನಿನ್ನ ಆಫೀಸು ತೋರಿಸೋ" ಎನ್ನುತ್ತಾಳೆ. ತೋರಿಸಲು ಫ್ರೈಯರು ಬಿಟ್ಟರೆ ಬೇರೇನಿದೆ? ರಾತ್ರಿ ನಿದ್ದೆಯಲ್ಲೂ ಟೈಮರಿನ ಬೀಪ್ ಸದ್ದು ಕೇಳಿ ಎದ್ದು ಕೂರುತ್ತಾನೆ. ಅವನು ಕೊನೆಗೆ ಹೇಳಿದ ಮಾತು ಇದು: "ಅಣ್ಣಾ, ಇಡೀ ದಿನ ಸಾವಿರ ಜನದ ಜೊತೆ ಮಾತಾಡ್ತೀನಿ. ಆದರೆ ಒಂದು ಮಾತೂ ನಂದಲ್ಲ."

ಒಂದು ಮಾತೂ ನಂದಲ್ಲ! ಭಾಷೆಯ ಬಗ್ಗೆ ಇಷ್ಟು ವರ್ಷ ಭಾಷಣ ಕೇಳಿದ್ದೇನೆ. ಇಷ್ಟು ದೊಡ್ಡ ಮಾತನ್ನು ಯಾವ ಸಭೆಯಲ್ಲೂ ಕೇಳಿರಲಿಲ್ಲ.

ಪರಕೀಯತೆ ಎಂದರೇನು?

ಇದಕ್ಕೆ ದೊಡ್ಡವರು ಪರಕೀಯತೆ ಎಂಬ ಹೆಸರಿಟ್ಟಿದ್ದಾರೆ. 1844ರಲ್ಲಿ ಕಾರ್ಲ್ ಮಾರ್ಕ್ಸ್ ಎಂಬ ಇಪ್ಪತ್ತಾರು ವರ್ಷದ ತರುಣ ಪ್ಯಾರಿಸ್ಸಿನಲ್ಲಿ ಕೂತು ಈ ವಿಷಯ ಬರೆದ. ದುಡಿಯುವವನು ದುಡಿಮೆಯ ಹೊತ್ತಿನಲ್ಲಿ ತನ್ನಿಂದ ತಾನೇ ಹೊರಗಿರುತ್ತಾನೆ, ಕೆಲಸ ಬಿಟ್ಟ ಮೇಲಷ್ಟೇ ತನ್ನ ಮನೆಗೆ ತಾನು ಬಂದಂತೆ ಆಗುತ್ತದೆ ಎಂಬುದು ಅವನ ವಿಚಾರದ ತಿರುಳು. ಆವತ್ತಿನ ಗಿರಣಿ ಕೂಲಿಯವನ ಕೈಯನ್ನು ಮಾಲೀಕ ಕೊಂಡುಕೊಳ್ಳುತ್ತಿದ್ದ. ಬಾಯಿ ಮಾತ್ರ ಅವನದೇ ಆಗಿತ್ತು.

ಇವತ್ತಿನ ಕಂಪನಿ ಕೈಯ ಜೊತೆಗೆ ನಗುವನ್ನೂ ಕೊಂಡುಕೊಳ್ಳುತ್ತದೆ, ನಾಲಗೆಯನ್ನೂ ಕೊಂಡುಕೊಳ್ಳುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಬಗ್ಗೆ ಪುಸ್ತಕ ಬರೆದು, ಮುಖದ ನಗುವೂ ಮಾರಾಟದ ಸರಕಾಗಿದೆ ಎಂದು ತೋರಿಸಿಕೊಟ್ಟರು. ವಿಮಾನದಲ್ಲಿದ್ದದ್ದು ಈಗ ನೂರಡಿ ರಸ್ತೆಗೆ ಇಳಿದಿದೆ.

ಈ ಅಂಗಡಿಗಳು ಹುಟ್ಟಿದ್ದೇ ಹಾಗೆ. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಊರಿನಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಹೋಟೆಲಿನ ಅಡುಗೆಮನೆಯನ್ನು ಕಾರ್ಖಾನೆಯ ಹಾಗೆ ಬದಲಾಯಿಸಿದರು. ತಿಂಡಿಗಳ ಪಟ್ಟಿಯನ್ನು ಮೊಟಕು ಮಾಡಿದರು. ಒಬ್ಬ ಬೇಯಿಸುವುದು, ಒಬ್ಬ ಕಟ್ಟುವುದು, ಒಬ್ಬ ಕೊಡುವುದು. ಅಡುಗೆ ಗೊತ್ತಿಲ್ಲದವನೂ ಅಡುಗೆಮನೆಯಲ್ಲಿ ನಿಲ್ಲಬಹುದು ಎಂದಾಯಿತು. ಅಗ್ಗದ ತಿಂಡಿ ಬಂತು, ನಿಜ. ಆದರೆ ಅಡುಗೆ ಗೊತ್ತಿಲ್ಲದವನೂ ಸಾಕು ಎಂದಾದ ಮೇಲೆ, ಇವನು ಹೋದರೆ ಇನ್ನೊಬ್ಬ ಎಂದೂ ಆಯಿತು. ಅಮೆರಿಕದಲ್ಲಿ ಭವಿಷ್ಯವಿಲ್ಲದ ಇಂಥ ನೌಕರಿಗೆ "ಮ್ಯಾಕ್‌ಜಾಬ್" ಎಂಬ ಹೊಸ ಪದವೇ ಹುಟ್ಟಿಕೊಂಡಿತು. 2003ರಲ್ಲಿ ಅಲ್ಲಿನ ಮೆರಿಯಂ-ವೆಬ್‌ಸ್ಟರ್ ನಿಘಂಟು ಆ ಪದವನ್ನು ಸೇರಿಸಿದಾಗ ಕಂಪನಿ ಸಿಟ್ಟಾಗಿ ಆಕ್ಷೇಪಣೆ ಸಲ್ಲಿಸಿತು. ಪದವನ್ನು ತೆಗೆಸಲು ಹೋದರೇ ಹೊರತು, ಆ ಪದ ಯಾಕೆ ಹುಟ್ಟಿತು ಎಂದು ಯೋಚಿಸಿದ ಹಾಗೆ ಕಾಣಲಿಲ್ಲ.

ದಂಡಿನ ಊರು, ಬಟ್ಲರ್ ಭಾಷೆ

ನಾವು ಈಗ ನಿಂತಿರುವ ನೆಲ ದಂಡು ಪ್ರದೇಶ. 1809ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯ ತಂದು ಇಳಿಸಿದರು. ಹಲಸೂರು ಕೆರೆಯ ದಂಡೆಯ ಮೇಲೆ ಕೆಂಪೇಗೌಡರ ಗಡಿಗೋಪುರ ಮೊದಲೇ ನಿಂತಿತ್ತು. ಆದರೂ ನೂರಾ ನಲವತ್ತು ವರ್ಷ ಪೇಟೆ ಬೇರೆ, ದಂಡು ಬೇರೆ. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಆ ದಂಡಿನಲ್ಲಿ ದೊರೆಗಳ ಬಂಗಲೆಗೆ ಕೆಲಸಕ್ಕೆ ಸೇರಿದ ಬಡವರ ಬಾಯಲ್ಲಿ ಒಂದು ಹೊಸ ಭಾಷೆ ಓಡಾಡಿತು. ಜನ ಅದನ್ನು ಬಟ್ಲರ್ ಇಂಗ್ಲಿಷ್ ಎಂದು ಕರೆದು ನಕ್ಕರು. ನಗುವಂಥದ್ದು ಅದರಲ್ಲಿ ಏನಿತ್ತು? ದೊರೆಗೆ ಊಟ ಬಡಿಸಲು ಬೇಕಾದಷ್ಟೇ ಮಾತು. ಆ ಮಾತಿನಲ್ಲಿ ಬಟ್ಲರನು ತನ್ನ ಮಗಳ ಮದುವೆಯ ಸುದ್ದಿ ಹೇಳಲಾರ, ತನ್ನ ಹೊಟ್ಟೆನೋವು ಹೇಳಲಾರ. ಇವತ್ತು ಕಂಪನಿ ಬರೆದು ಕೊಡುವ ಹತ್ತು ಸಾಲು ಕೂಡ ಹೊಸ ಬಟ್ಲರ್ ಇಂಗ್ಲಿಷೇ. ಉಚ್ಚಾರಣೆ ಸುಧಾರಿಸಿದೆ, ಟೋಪಿಯ ಬಣ್ಣ ಬದಲಾಗಿದೆ, ಅಷ್ಟೇ.

ಇದೇ ದಂಡಿನ ಬ್ರಿಗೇಡ್ ರಸ್ತೆಯಲ್ಲಿ 1995ರ ಜೂನ್‌ನಲ್ಲಿ ಕೆಂಟಕಿ ಫ್ರೈಡ್ ಚಿಕನ್ ಭಾರತದ ತನ್ನ ಮೊದಲ ಅಂಗಡಿಯನ್ನು ತೆರೆಯಿತು. ಪಾಲಿಕೆ ಲೈಸೆನ್ಸು ರದ್ದು ಮಾಡಿತು, ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. 1996ರ ಜನವರಿ 30ರಂದು, ಗಾಂಧಿ ಹುತಾತ್ಮರಾದ ದಿನ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘದ ಕಾರ್ಯಕರ್ತರು ಆ ಅಂಗಡಿಗೆ ನುಗ್ಗಿ ಗಾಜು ಒಡೆದರು. ಆಗ ನಾನು ಹೈಸ್ಕೂಲು ಹುಡುಗ. ಪತ್ರಿಕೆಯಲ್ಲಿ ಫೋಟೋ ನೋಡಿ ಎದೆ ಉಬ್ಬಿಸಿಕೊಂಡು ತಿರುಗಿದ್ದೆ.

ರೈತ ಸಂಘ ಎತ್ತಿದ್ದು ದೊಡ್ಡ ಪ್ರಶ್ನೆಗಳು. ನಮ್ಮ ಬೀಜ ಯಾರದು, ನಮ್ಮ ಕಾಳು ಯಾರ ಕೋಳಿಯ ಹೊಟ್ಟೆಗೆ ಹೋಗಬೇಕು ಎಂದು ಅವರು ಕೇಳಿದರು. ಆ ಪ್ರಶ್ನೆಗಳು ಇವತ್ತಿಗೂ ಸತ್ತಿಲ್ಲ. ಆದರೆ ಇವತ್ತು ಹಿಂತಿರುಗಿ ನೋಡಿದರೆ ನನ್ನನ್ನು ಕಾಡುವುದು ಬೇರೆ. ಗಾಜು ಒಡೆದಾಗ ಒಳಗೆ ನಿಂತಿದ್ದ ಹುಡುಗರು ಯಾರು? ಯಾರ ಮನೆಯ ಮಕ್ಕಳು? ಎದೆ ಉಬ್ಬಿಸಿದ ನಾನು ಅದನ್ನು ಯೋಚಿಸಲೇ ಇಲ್ಲ. ಅದೇ ವರ್ಷ ಪಿಜ್ಜಾ ಹಟ್ ಕೂಡ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲೇ ತೆರೆಯಿತು. ಮೂವತ್ತು ವರ್ಷದಲ್ಲಿ ಬ್ರಿಗೇಡ್ ರಸ್ತೆಯಿಂದ ಹೊರಟದ್ದು ಇಂದಿರಾನಗರ ದಾಟಿ, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆಯ ಆಚೆಗೂ ಹೋಯಿತು. ಒಳಗೆ ನಿಂತವರ ಬಗ್ಗೆ ನಾವು ಇನ್ನೂ ಕೇಳಿಲ್ಲ.

ಮಾಣಿಯ ಕಾಲ ಸ್ವರ್ಗವಾಗಿರಲಿಲ್ಲ

ಹಿಂದೆ ಎಲ್ಲ ಚೆನ್ನಾಗಿತ್ತು ಎಂಬ ಸುಳ್ಳನ್ನು ನಾನು ಹೇಳುವುದಿಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಚಿಕ್ಕ ಹುಡುಗರು ಚಡ್ಡಿಯಲ್ಲೇ ಬಸ್ಸು ಹತ್ತಿ ಬಂದು ಲೋಟ ತೊಳೆದರು. ರಾತ್ರಿ ಅದೇ ಮೇಜಿನ ಮೇಲೆ ಮಲಗಿದರು. ಏಟು ತಿಂದರು. ಒಲೆಯ ಹತ್ತಿರ ಯಾರು ಹೋಗಬಹುದು, ಯಾರು ಹೋಗಬಾರದು ಎಂದು ಜಾತಿ ನಿರ್ಧಾರ ಮಾಡುತ್ತಿತ್ತು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್‌ನಲ್ಲಿ. ಅಷ್ಟು ತಡವಾಗಿ!

ಬೇಗ ತಿನ್ನಿಸಿ ಕಳಿಸುವುದನ್ನೂ ಅಮೆರಿಕದವರೇ ಬಂದು ಕಲಿಸಬೇಕಾಗಿರಲಿಲ್ಲ. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ನಾವೂ ನಿಂತುಕೊಂಡೇ ಇಡ್ಲಿ ತಿನ್ನಲು ಕಲಿತೆವು.

ಆದರೂ ಎರಡು ವ್ಯತ್ಯಾಸ ಇತ್ತು. ಒಂದನೆಯದು, ಮಾಣಿಗೆ ಕಸಬು ಸಿಕ್ಕುತ್ತಿತ್ತು. ಹಿಟ್ಟು ಯಾವಾಗ ಹುಳಿ ಬರುತ್ತದೆ, ಕಾವಲಿ ಎಷ್ಟು ಕಾಯಬೇಕು ಎಂಬುದನ್ನು ಕಲಿತವನು ನಾಳೆ ತಳ್ಳುಗಾಡಿಯನ್ನಾದರೂ ಹಾಕಬಹುದು. ಎಲ್ಲರೂ ಮಾಲೀಕರಾಗಲಿಲ್ಲ, ಆದರೆ ಲೋಟ ತೊಳೆದವರಲ್ಲಿ ಕೆಲವರಾದರೂ ಆದರು. ಇವತ್ತಿನ ಹುಡುಗ ಎಲ್ಲೋ ಕಾರ್ಖಾನೆಯಿಂದ ಹೆಪ್ಪುಗಟ್ಟಿ ಬಂದ ತುಂಡನ್ನು ಎಣ್ಣೆಗೆ ಬಿಟ್ಟು ಗುಂಡಿ ಒತ್ತುತ್ತಾನೆ. ಮೂರು ವರ್ಷ ದುಡಿದು ಹೊರಬಂದರೆ ಕೈಯಲ್ಲಿ ಎಣ್ಣೆ ಸಿಡಿದ ಕಲೆ ಇರುತ್ತದೆ, ಕಸಬು ಇರುವುದಿಲ್ಲ.

ಎರಡನೆಯದು, ಮಾಣಿಗೆ ಬಾಯಿ ಇತ್ತು. ಗಿರಾಕಿಯ ಜೊತೆ ತಮಾಷೆ ಮಾಡುತ್ತಿದ್ದ, ಜಗಳಾಡುತ್ತಿದ್ದ, "ಇವತ್ತು ವಡೆ ಬೇಡ ಸಾರ್, ಬೆಳಗಿನದು" ಎಂದು ಕಿವಿಯಲ್ಲಿ ಹೇಳುತ್ತಿದ್ದ. ಈಗಲೂ ಶಿವಾಜಿನಗರಕ್ಕೆ ಹೋಗಿ ನೋಡಿ. ರಸೆಲ್ ಮಾರುಕಟ್ಟೆಯ ಸುತ್ತಿನ ಗಲ್ಲಿಗಳಲ್ಲಿ ಕೆಂಡದ ಮುಂದೆ ಕಬಾಬು ಸುಡುವ ಸಾಬರ ಮನೆಮಾತು ದಖ್ಖನಿ. ನಿಮ್ಮ ಮುಖ ನೋಡಿ ಕನ್ನಡ ಆಡುತ್ತಾರೆ, ಪಕ್ಕದವನಿಗೆ ತಮಿಳು ಆಡುತ್ತಾರೆ. ಯಾವ ಭಾಷೆ ಆಡಿದರೂ ಅದು ಅವರ ಸ್ವಂತ ಮಾತು. ಅಲ್ಲಿ ಯಾರೂ ಬರೆದು ಕೊಟ್ಟಿಲ್ಲ. ಇಂಥವರನ್ನು ಪರಭಾಷಿಕರು ಎಂದು ದೂರ ಇಟ್ಟು, ಕನ್ನಡದ ಹುಡುಗನ ಬಾಯಿ ಹೊಲಿದವರ ಅಂಗಡಿಯಲ್ಲಿ ನಾವು ಹುಟ್ಟುಹಬ್ಬ ಮಾಡುತ್ತೇವೆ!

ಮುಂಬಯಿಯ ರಾತ್ರಿಶಾಲೆ, ದೂರವಾಣಿನಗರದ ಸಂಘ

ಊರು ಬಿಟ್ಟು ಹೋದ ಕನ್ನಡದ ಹೋಟೆಲು ಹುಡುಗರನ್ನು ಪರಕೀಯತೆಯಿಂದ ಕಾಪಾಡಿದ ಒಂದು ಉದಾಹರಣೆ ನಮ್ಮವರದೇ ಇದೆ. ಮುಂಬಯಿಗೆ ಹೋದ ಕರಾವಳಿಯ ಹುಡುಗರಿಗೆ ಅಲ್ಲಿನ ಭಾಷೆ ಗೊತ್ತಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಅಲ್ಲಿನ ಕನ್ನಡಿಗರು ಅವರಿಗಾಗಿ ರಾತ್ರಿಶಾಲೆಗಳನ್ನು ತೆರೆದರು. ಮೊಗವೀರ ಸಮಾಜದವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಉಚಿತ ರಾತ್ರಿಶಾಲೆ ಶುರು ಮಾಡಿದ್ದರು. ಹಗಲೆಲ್ಲ ಮೇಜು ಒರೆಸಿದ ಹುಡುಗ ರಾತ್ರಿ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಓದಿದ. ಹಾಗೆ ಓದಿ ಮೆಟ್ರಿಕ್ ಪಾಸಾಗಿ ಗುಮಾಸ್ತರಾದವರು, ವಕೀಲರಾದವರು, ಬರಹಗಾರರಾದವರು ಉಂಟು. ಆ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ಅವನ ಪೂರ್ತಿ ಹೆಸರನ್ನು ಕರೆಯುತ್ತಿದ್ದರು. ದಿನಕ್ಕೆ ಒಮ್ಮೆಯಾದರೂ ಅವನು ಯಾರೋ ಒಬ್ಬನಾಗುತ್ತಿದ್ದ.

ನಮ್ಮ ಈ ಪೂರ್ವ ಬೆಂಗಳೂರನ್ನೇ ನೋಡಿ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದ ಐ.ಟಿ.ಐ., 1956ರಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಬಂದವು. ಇಂಥ ಕಾರ್ಖಾನೆಗಳ ಕಾರ್ಮಿಕರು ಕನ್ನಡ ಸಂಘ ಕಟ್ಟಿದರು. ರಾಜ್ಯೋತ್ಸವ ಮಾಡಿದರು, ನಾಟಕ ಆಡಿದರು. ತಮಿಳು, ತೆಲುಗು ಮನೆಮಾತಿನವರೂ ಅಲ್ಲಿ ಜೊತೆಗೆ ಕೂತು ಕನ್ನಡ ಕಲಿತರು. ಕೆಲಸ ಭಾರವಾಗಿತ್ತು. ಆದರೆ ಪಾಳಿ ಮುಗಿದ ಮೇಲೆ ಹೋಗಲು ಒಂದು ಜಾಗ ಇತ್ತು, ಹೆಸರು ಹಿಡಿದು ಕರೆಯುವ ಜನ ಇದ್ದರು. ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಐ.ಟಿ.ಐ. ಸೊರಗಿತು. ಇವತ್ತು ಆ ಗೋಡೆಗಳ ಪಕ್ಕದಲ್ಲೇ ಮೆಟ್ರೋ ಓಡುತ್ತದೆ. ಅದರಲ್ಲಿ ಯೂನಿಫಾರಂ ಚೀಲದೊಳಗೆ ಬಚ್ಚಿಟ್ಟುಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು ನಮ್ಮ ಹುಡುಗರು, ಹುಡುಗಿಯರು ಪಾಳಿಗೆ ಹೋಗುತ್ತಾರೆ. ಅವರಿಗೆ ಸಂಘವೂ ಇಲ್ಲ, ರಾತ್ರಿಶಾಲೆಯೂ ಇಲ್ಲ.

ನಾವು ಬೋರ್ಡು ಗೆದ್ದೆವು

ಈಗ ನಮ್ಮ ಚಳವಳಿಯ ಲೆಕ್ಕಕ್ಕೆ ಬರೋಣ. 2023ರ ಡಿಸೆಂಬರ್‌ನಲ್ಲಿ ನಾಮಫಲಕಕ್ಕಾಗಿ ಬೀದಿಗಿಳಿದೆವು. ನಮ್ಮವರು ಜೈಲಿಗೂ ಹೋದರು. 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಬೋರ್ಡಿನಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಎಂದಾಯಿತು. ಸಣ್ಣ ಗೆಲುವಲ್ಲ ಇದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕನ್ನಡ ಅಕ್ಷರ ಹುಡುಕಬೇಕಾಗಿದ್ದ ಕಾಲವನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಬೋರ್ಡು ಕನ್ನಡವಾಯಿತು. ಬೋರ್ಡಿನ ಕೆಳಗೆ ನಿಂತ ಹುಡುಗ?

ನನ್ನ ಅಚ್ಚುಕೂಟಕ್ಕೆ ಒಂದು ಸಲ ಇಂಥದ್ದೇ ಅಂಗಡಿಯೊಂದರ ಎದೆಪಟ್ಟಿಗಳ ಕೆಲಸ ಬಂದಿತ್ತು. ಪಟ್ಟಿ ನೋಡಿದೆ. ಬಸವರಾಜ ಎಂಬುದು "ರಾಜ್" ಆಗಿತ್ತು. ಹುಲಿಗೆಮ್ಮ ಎಂಬುದು ಇನ್ನೇನೋ ಆಗಿತ್ತು. ಗಿರಾಕಿಗಳಿಗೆ ಕರೆಯಲು ಸುಲಭವಾಗಲಿ ಎಂದು ಹಾಗೆ ಮಾಡಿದ್ದಾರಂತೆ. ಎಲ್ಲವೂ ಇಂಗ್ಲಿಷ್ ಅಕ್ಷರ. ನಾನು ಒಂದು ಮಾತೂ ಆಡದೆ ಅಚ್ಚು ಹಾಕಿ ಬಿಲ್ಲು ತೆಗೆದುಕೊಂಡೆ. ಕನ್ನಡದ ಹೋರಾಟಗಾರ ಎಂದು ಎದೆಗೆ ಬ್ಯಾಡ್ಜು ಹಾಕಿಕೊಳ್ಳುವ ನಾನೇ ಆ ಮಕ್ಕಳ ಹೆಸರು ಕತ್ತರಿಸುವ ಕತ್ತರಿಯಾದೆ.

ಕನ್ನಡಿಗರಿಗೆ ಕೆಲಸ ಕೊಡಿ ಎನ್ನುವುದು ನಮ್ಮ ಹಳೆಯ ಕೂಗು. ಸರೋಜಿನಿ ಮಹಿಷಿ ವರದಿ 1986ರದು. 2024ರ ಜುಲೈಯಲ್ಲಿ ಖಾಸಗಿ ರಂಗದಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಯಲ್ಲಿ ಶೇಕಡ 50, ಉಳಿದ ಹುದ್ದೆಯಲ್ಲಿ ಶೇಕಡ 70 ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ ಕೂಡಲೇ ತಡೆಹಿಡಿಯಿತು. ಅದಕ್ಕಾಗಿ ನಾವು ಹೋರಾಡಲೇಬೇಕು. ಆದರೆ ಎಂಥ ಕೆಲಸ ಎಂಬ ಪ್ರಶ್ನೆಯನ್ನು ಯಾಕೆ ಕೇಳುವುದಿಲ್ಲ? ತನ್ನ ಹೆಸರನ್ನೇ ಹೇಳಿಕೊಳ್ಳಲಾಗದ ಕೆಲಸದಲ್ಲಿ ಶೇಕಡ ನೂರು ಕನ್ನಡಿಗರು ಇದ್ದರೂ ಕನ್ನಡ ಎಲ್ಲಿ ಗೆದ್ದ ಹಾಗಾಯಿತು?

ಇನ್ನು ಹೊರಗಿನಿಂದ ಬಂದ ಹುಡುಗರು. ಕೇಂದ್ರ ಸರ್ಕಾರ 2014ರಲ್ಲಿ ದೀನ ದಯಾಳ್ ಗ್ರಾಮೀಣ ಕೌಶಲ ಯೋಜನೆ ಶುರು ಮಾಡಿತು. ಅಂಥ ಯೋಜನೆಗಳಲ್ಲಿ ತರಬೇತಿ ಪಡೆದ ಹಳ್ಳಿ ಮಕ್ಕಳು ಜಾರ್ಖಂಡಿನಿಂದ, ಒಡಿಶಾದಿಂದ ಇಲ್ಲಿಗೆ ಬಂದು ಇಳಿಯುತ್ತಾರೆ. ನಮ್ಮ ರಾಯಚೂರು, ಕಲಬುರಗಿಯ ಮಕ್ಕಳೂ ಬರುತ್ತಾರೆ. ತರಬೇತಿಯಲ್ಲಿ ಇಂಗ್ಲಿಷ್ ವಾಕ್ಯ ಕಲಿಸುತ್ತಾರೆ, ಟ್ರೇ ಹಿಡಿಯುವುದು ಕಲಿಸುತ್ತಾರೆ. ಬೆಂಗಳೂರಿಗೆ ಹೋಗುವವನಿಗೆ ನಾಲ್ಕು ಮಾತು ಕನ್ನಡ ಕಲಿಸಬೇಕು ಎಂದು ಕಂಪನಿಗೆ ತೋಚುವುದಿಲ್ಲ. ಒಡಿಶಾದ ಹುಡುಗನ ಪಾಡೂ ಸಿರಾದ ಹುಡುಗನ ಪಾಡೇ, ಎರಡು ಪಟ್ಟು ಹೆಚ್ಚು. ಅವನು ತನ್ನ ಊರಿನ ಮಾತಿಗೂ ಹೊರಗಿನವನು, ನಮ್ಮ ಮಾತಿಗೂ ಹೊರಗಿನವನು. ಅವನ ಮೇಲೆ ಕೂಗಾಡಿದರೆ ಅವನು ಕನ್ನಡ ಕಲಿಯುವುದಿಲ್ಲ, ಕನ್ನಡಕ್ಕೆ ಹೆದರುವುದನ್ನು ಕಲಿಯುತ್ತಾನೆ. ನಿಯಮ ಬರೆದವನು ಹವಾನಿಯಂತ್ರಿತ ಆಫೀಸಿನಲ್ಲಿ ತಣ್ಣಗೆ ಕೂತಿದ್ದಾನೆ. ನಾವು ಅವನನ್ನು ಬಿಟ್ಟು ಎಣ್ಣೆಯ ಮುಂದೆ ಬೇಯುತ್ತಿರುವವನ ಮೇಲೆ ಬೀಳುತ್ತೇವೆ!

ಹಾಗಾದರೆ ಏನು ಮಾಡಬೇಕು?

ಬರೀ ಮರುಗಿ ಎದ್ದು ಹೋಗಲು ನಾನು ಬಂದಿಲ್ಲ. ಐದು ಕೆಲಸ ಹೇಳುತ್ತೇನೆ.

ಒಂದು. ಕೌಂಟರಿನಲ್ಲಿ ಕನ್ನಡದಲ್ಲೇ ಮಾತಾಡಿ, ಆದರೆ ಮೆಲ್ಲಗೆ ಮಾತಾಡಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಹುಡುಗನ ಮೇಲೆ ಏರಿ ಹೋಗಬೇಡಿ. ಮೊಬೈಲು ಎತ್ತಿ ವಿಡಿಯೋ ಮಾಡಬೇಡಿ. ನಿಮಗೆ ಸಾವಿರ ಲೈಕು ಬಂದರೆ ಅವನ ಕೆಲಸ ಹೋಗುತ್ತದೆ.

ಎರಡು. ಹೋರಾಟವನ್ನು ಕಂಪನಿಯ ಬಾಗಿಲಿಗೆ ಒಯ್ಯಿರಿ. ಗಿರಾಕಿ ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲಿ ಉತ್ತರಿಸಲು ಲಿಖಿತ ಅನುಮತಿ ಕೊಡಿ ಎಂದು ಕೇಳಿ. ತರಬೇತಿಯ ಕಾಗದ ಕನ್ನಡದಲ್ಲೂ ಇರಲಿ. ಎದೆಪಟ್ಟಿಯ ಮೇಲೆ ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು ಕನ್ನಡ ಅಕ್ಷರದಲ್ಲಿ ಇರಲಿ. ಕಂಪನಿಗೆ ಇದಕ್ಕೆ ತಗಲುವ ಖರ್ಚು ಎಷ್ಟು ಎಂದು ಅಚ್ಚು ಹಾಕುವವನಾದ ನನಗೆ ಗೊತ್ತು. ಒಂದು ದೊಡ್ಡ ಲೋಟ ಕೋಲಾದ ಬೆಲೆಯೂ ಇಲ್ಲ.

ಮೂರು. ಕಾನೂನು ಕಲಿತು ಅವರಿಗೆ ಹೇಳಿ. ಲಿಖಿತ ನೇಮಕಾತಿ ಪತ್ರ, ವಾರಕ್ಕೊಂದು ರಜೆ, ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ, ಇವೆಲ್ಲ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ಕೈ ಸುಟ್ಟುಕೊಂಡ ಹುಡುಗ ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ಸುಮ್ಮನಿರುತ್ತಾನೆ. ಇದೇ ಇಂದಿರಾನಗರದಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ತನ್ನ ಸಂಬಳದಲ್ಲಿ ಅದಕ್ಕೆ ಹಣ ಮುರಿದುಕೊಂಡಿದ್ದಾರೆಯೇ ಎಂದು ನೋಡಿಕೊಳ್ಳಲು ಅವನಿಗೆ ಯಾರಾದರೂ ಹೇಳಿದ್ದಾರೆಯೇ?

ನಾಲ್ಕು. ಇದನ್ನು ಗಮನವಿಟ್ಟು ಕೇಳಿ. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963ರಿಂದ ಇದೆ. ಅದರ ಪ್ರಕಾರ ನವೆಂಬರ್ 1 ಸಂಬಳಸಹಿತ ರಜೆ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಬೇರೊಂದು ದಿನ ರಜೆ ಕೊಡಬೇಕು. ನಾವು ಸರ್ಕಲ್ಲಿನಲ್ಲಿ ಬಾವುಟ ಹಾರಿಸಿ, ಜೈಕಾರ ಹಾಕಿ, ಹಸಿವಾಯಿತೆಂದು ಆ ಅಂಗಡಿಗೆ ನುಗ್ಗುತ್ತೇವೆ. ಅಲ್ಲಿ ನಿಂತವನಿಗೆ ಆ ದಿನದ ಹಕ್ಕು ಸಿಕ್ಕಿತೇ ಎಂದು ಯಾವ ರಾಜ್ಯೋತ್ಸವದಲ್ಲಿ ಕೇಳಿದ್ದೇವೆ? ಕನ್ನಡದ ಹೆಸರಿನ ರಜೆಯನ್ನೇ ಕನ್ನಡಿಗನಿಗೆ ಕೊಡಿಸದ ಚಳವಳಿ ಎಂಥ ಚಳವಳಿ!

ಐದು. ರಾತ್ರಿಶಾಲೆ ಮತ್ತೆ ಶುರುವಾಗಲಿ. ದೊಡ್ಡ ಕಟ್ಟಡ ಬೇಡ. ಹಲಸೂರಿನಲ್ಲಿ ಒಂದು, ಕೆ.ಆರ್. ಪುರದಲ್ಲಿ ಒಂದು ಕೋಣೆ ಸಾಕು. ಪಾಳಿ ಮುಗಿದವರು ಬರಲಿ. ಸಿರಾದವನು ಒಡಿಶಾದವನಿಗೆ ಕನ್ನಡ ಹೇಳಿಕೊಡಲಿ. ನಿಂತ ಪರೀಕ್ಷೆ ಕಟ್ಟುವವರಿಗೆ ನೀವು ಕಾಲೇಜು ಓದಿದವರು ಪಾಠ ಮಾಡಿ. ಕೌಂಟರಿನಲ್ಲಿ ಬೇಕಾಗುವ ಕನ್ನಡ ಮಾತುಗಳು, ಮೇಲೆ ಹೇಳಿದ ಹಕ್ಕುಗಳು, ಎರಡನ್ನೂ ಸೇರಿಸಿ ಎಂಟು ಪುಟದ ಕಿರುಪುಸ್ತಕ ಬರೆದು ತನ್ನಿ. ಅಚ್ಚಿನ ಖರ್ಚು ನನ್ನದು. ಕತ್ತರಿಸಿದ ಹೆಸರುಗಳ ಸಾಲವನ್ನು ನಾನು ಹಾಗಾದರೂ ತೀರಿಸುತ್ತೇನೆ.

ಇದು ಆಗದ ಕೆಲಸ ಎನ್ನಬೇಡಿ. 2012ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ಇನ್ನೂರು ಜನ ಫಾಸ್ಟ್ ಫುಡ್ ಕೆಲಸಗಾರರು ಕೌಂಟರು ಬಿಟ್ಟು ಬೀದಿಗೆ ಬಂದರು. ಗಂಟೆಗೆ 15 ಡಾಲರ್ ಕೇಳಿದಾಗ ಜನ ನಕ್ಕರು. 2024ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾ ರಾಜ್ಯದ ದೊಡ್ಡ ಸರಪಳಿ ಅಂಗಡಿಗಳಲ್ಲಿ ಗಂಟೆಗೆ 20 ಡಾಲರ್ ಕನಿಷ್ಠ ಕೂಲಿ ಜಾರಿಗೆ ಬಂತು. ಈ ಅಂಗಡಿಗಳು ಹುಟ್ಟಿದ ನೆಲದಲ್ಲೇ ಅದು ಸಾಧ್ಯವಾಗಿದೆ. ಅಲ್ಲಿ ಅವರು ಮೊದಲು ಮಾಡಿದ ಕೆಲಸ ಒಬ್ಬರನ್ನೊಬ್ಬರು ಮಾತಾಡಿಸಿದ್ದು.

ಮಿತ್ರರೆ, ಕೊನೆಯ ಮಾತು. ಹೋದ ತಿಂಗಳು ಮತ್ತೆ ಆ ಅಂಗಡಿಗೆ ಹೋಗಿದ್ದೆ. ಆ ಹುಡುಗ ಇರಲಿಲ್ಲ. ಅದೇ ಜಾಗದಲ್ಲಿ, ಅದೇ ಟೋಪಿಯಲ್ಲಿ, ಅದೇ ನಗು ಹೊತ್ತು ಬೇರೊಬ್ಬ ನಿಂತಿದ್ದ. ಎಲ್ಲಿಗೆ ಹೋದ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಒಬ್ಬ ಮಾತ್ರ, "ಯಾರು ಸಾರ್, ರಾಜ್ ಅಂತಾನಾ? ಇಲ್ಲಿ ನಾಲ್ಕು ಜನ ರಾಜ್ ಬಂದು ಹೋದರು" ಎಂದ.

ಅವನ ನಿಜವಾದ ಹೆಸರನ್ನು ಆವತ್ತು ಟೀ ಅಂಗಡಿಯಲ್ಲಿ ನಾನೂ ಕೇಳಿರಲಿಲ್ಲ.

ನೀವು ಕೇಳಿ. ನಾಳೆ ಯಾವ ಕೌಂಟರಿನ ಮುಂದೆ ನಿಂತರೂ ಕನ್ನಡದಲ್ಲಿ, ಮೆಲ್ಲಗೆ, ಅವರ ಪೂರ್ತಿ ಹೆಸರು ಕೇಳಿ. ನಮ್ಮ ಚಳವಳಿ ಅಲ್ಲಿಂದ ಮತ್ತೆ ಶುರುವಾಗಲಿ.

ಕನ್ನಡಕ್ಕೆ ಜಯವಾಗಲಿ, ದುಡಿಯುವ ಕೈಗೆ ಜಯವಾಗಲಿ.